ಏಳು ಅಂಗುಲದ ತಟ್ಟೆಯಲ್ಲೊಂದು ದನಿ: ಬೆಟ್ಟಿ ಲವೆಟ್ ಅವರ ಮೊದಲ ಹಾಡುಗಳು



ಇತಿಹಾಸದ ತರಗತಿಯಲ್ಲಿ ನೀವು ಹಲ್ಮಿಡಿ ಶಾಸನದ ವಿಷಯ ಓದಿದ್ದೀರಿ. ಆ ಕಲ್ಲಿನ ಮೇಲಿರುವುದು ಕೇವಲ 16 ಸಾಲು. ಅಷ್ಟರಿಂದಲೇ ವಿದ್ವಾಂಸರು ಆ ಕಾಲದ ಅರಸರು ಯಾರು, ದಾನ ಯಾರಿಗೆ ಸಂದಿತು, ಆಗಿನ ಕನ್ನಡ ಹೇಗಿತ್ತು ಎಂಬ ಸಂಗತಿಗಳನ್ನು ಹೊರತೆಗೆದರು. ಸಣ್ಣ ವಸ್ತುವನ್ನೂ ತಾಳ್ಮೆಯಿಂದ ಓದಿದರೆ ದೊಡ್ಡ ಕಥೆ ತಿಳಿಯುತ್ತದೆ. ಇಂದು ನಾವು ಅದೇ ಬಗೆಯಲ್ಲಿ ಬೇರೊಂದು ವಸ್ತುವನ್ನು ಓದೋಣ. ಅದು ಕಲ್ಲಲ್ಲ, ತಾಮ್ರಪಟವಲ್ಲ. ಏಳು ಅಂಗುಲ ಅಗಲದ ಹಾಡಿನ ತಟ್ಟೆ. ಊರು ಅಮೆರಿಕದ ಡೆಟ್ರಾಯಿಟ್. ಗಾಯಕಿಯ ಹೆಸರು ಬೆಟ್ಟಿ ಲವೆಟ್.

ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆಕೆಯ ದೇಶದಲ್ಲೇ ಬಹುಕಾಲ ಹೆಚ್ಚು ಜನ ಕೇಳಿರಲಿಲ್ಲ. 1962ರಲ್ಲಿ, 16ನೆಯ ವಯಸ್ಸಿನಲ್ಲಿ, ಆಕೆ ಮೊದಲ ತಟ್ಟೆಗೆ ಹಾಡಿದರು, ಅದು ಗೆದ್ದಿತು. ಆದರೆ ಆಕೆಯ ಮೊದಲ ಪೂರ್ಣ ಆಲ್ಬಂ ಅಂಗಡಿಗೆ ಬಂದದ್ದು 1982ರಲ್ಲಿ. ನಡುವೆ 20 ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಆಕೆಯ ಕಂಠ ಸೋತಿತ್ತೇ? ಇಲ್ಲ. ಹಾಡುವುದನ್ನು ನಿಲ್ಲಿಸಿದ್ದರೇ? ಅದೂ ಇಲ್ಲ. ಹಾಗಾದರೆ ಏನಾಯಿತು? ಉತ್ತರವನ್ನು ಆಕೆಯ ತಟ್ಟೆಗಳಲ್ಲೇ ಹುಡುಕೋಣ.

ತಟ್ಟೆ ಎಂಬ ದಾಖಲೆ

ಮೊದಲು ವಸ್ತುವಿನ ಪರಿಚಯ. ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ತಟ್ಟೆಯನ್ನು ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದಿತು. ಒಂದೊಂದು ಬದಿಗೆ ಸುಮಾರು ಮೂರು ನಿಮಿಷದ ಒಂದೊಂದು ಹಾಡು. ಇದನ್ನು ಅಲ್ಲಿಯವರು ‘ಸಿಂಗಲ್’ ಎಂದು ಕರೆದರು. ನಮ್ಮಲ್ಲಿಯೂ ಇದೇ ಅಳತೆಯ ತಟ್ಟೆಗಳು ಬಂದವು. ಬದಿಗೆ ಎರಡೆರಡು ಚಿತ್ರಗೀತೆ ತುಂಬಿದ ಅವನ್ನು ಜನ ‘ಪ್ಲೇಟು’ ಎನ್ನುತ್ತಿದ್ದರು. ನಿಮ್ಮ ಮನೆಯ ಅಟ್ಟದಲ್ಲಿ ಒಂದೆರಡು ಇದ್ದರೂ ಇರಬಹುದು. ಹತ್ತು ಹನ್ನೆರಡು ಹಾಡುಗಳು ಹಿಡಿಸುವ 12 ಅಂಗುಲದ ದೊಡ್ಡ ತಟ್ಟೆಗೆ ಆಲ್ಬಂ ಎಂದು ಹೆಸರು.

ಸಿಂಗಲ್ ಅಗ್ಗವಾದ ಸರಕು. ಕಂಪನಿಗೆ ಅದು ಒಂದು ಪರೀಕ್ಷೆಯಿದ್ದಂತೆ. ರೇಡಿಯೋದವರು ಹಾಕಿದರೆ, ಹೋಟೆಲುಗಳ ಜ್ಯೂಕ್‌ಬಾಕ್ಸ್ ಯಂತ್ರದಲ್ಲಿ ಜನ ಕಾಸು ಹಾಕಿ ಕೇಳಿದರೆ, ಇನ್ನೊಂದು ಸಿಂಗಲ್. ಅದೂ ಗೆದ್ದರೆ ಆಲ್ಬಂ. ಸೋತರೆ ತಟ್ಟೆ ಮೂಲೆಗೆ. ಆಲ್ಬಮ್ಮಿಗೆ ಚಿತ್ರವಿರುವ ಹೊದಿಕೆ, ಹಿಂಬದಿಯಲ್ಲಿ ಗಾಯಕರ ಪರಿಚಯ ಇರುತ್ತಿತ್ತು. ಸಿಂಗಲ್‌ಗೆ ಸಾಮಾನ್ಯವಾಗಿ ಬರಿಯ ಕಾಗದದ ಚೀಲ. ತಟ್ಟೆಯ ನಡುವೆ ಅಂಟಿಸಿದ ದುಂಡನೆಯ ಚೀಟಿಯೇ ಅದರ ಶಾಸನ: ಹಾಡಿನ ಹೆಸರು, ಬರೆದವರು, ಹಾಡಿದವರು, ಕಂಪನಿ, ಒಂದು ಸಂಖ್ಯೆ. ಅಷ್ಟೇ. ವಾದ್ಯ ನುಡಿಸಿದವರ ಹೆಸರು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ.

ಇನ್ನು ‘ಸೋಲ್’ ಎಂದರೇನು? ಆಫ್ರಿಕನ್ ಅಮೆರಿಕನ್ನರ ಚರ್ಚಿನ ಭಕ್ತಿಗಾಯನದ ತೀವ್ರತೆಯನ್ನು ‘ರಿದಮ್ ಅಂಡ್ ಬ್ಲೂಸ್’ ಎಂಬ ಲೌಕಿಕ ಹಾಡಿನ ಲಯಕ್ಕೆ ಬೆಸೆದು, 1950ರ ದಶಕದ ಕೊನೆಯಿಂದ ಬೆಳೆದ ಗಾಯನ ಪದ್ಧತಿ ಅದು. ‘ಸೋಲ್’ ಎಂದರೆ ಆತ್ಮ. ಹೆಸರೇ ಅದರ ಗುರಿಯನ್ನು ಹೇಳುತ್ತದೆ.

ನಡುಮನೆಯ ಜ್ಯೂಕ್‌ಬಾಕ್ಸ್

ಬೆಟ್ಟಿ ಜೋ ಹ್ಯಾಸ್ಕಿನ್ಸ್ ಹುಟ್ಟಿದ್ದು 1946ರ ಜನವರಿ 29ರಂದು, ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ. ತಂದೆ ತಾಯಿ ದಕ್ಷಿಣದ ಲೂಯಿಸಿಯಾನದಿಂದ ಬಂದವರು. ದಕ್ಷಿಣದ ರಾಜ್ಯಗಳ ವರ್ಣಭೇದದಿಂದ ಪಾರಾಗಿ ಕಾರ್ಖಾನೆಯ ಕೂಲಿ ಹುಡುಕಿ ಲಕ್ಷಾಂತರ ಕಪ್ಪು ಜನ ಉತ್ತರಕ್ಕೆ ವಲಸೆ ಬಂದ ಕಾಲವದು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಮೋಟಾರು ಕಾರುಗಳ ನಗರ ಡೆಟ್ರಾಯಿಟ್‌ಗೆ ಬಂದು ನೆಲೆಸಿತು.

ಹೆಚ್ಚಿನ ಸೋಲ್ ಗಾಯಕರು ಚರ್ಚಿನಲ್ಲಿ ಹಾಡಿ ಕಲಿತವರು. ಬೆಟ್ಟಿ ಹಾಗಲ್ಲ. ಆಕೆಯ ಮನೆಯವರು ಜೋಳದ ಸಾರಾಯಿ ಮಾರುತ್ತಿದ್ದರು. ಬಂದವರ ಮನರಂಜನೆಗಾಗಿ ನಡುಮನೆಯಲ್ಲೇ ಒಂದು ಜ್ಯೂಕ್‌ಬಾಕ್ಸ್ ಇತ್ತು. ಊರೂರು ತಿರುಗುವ ಭಕ್ತಿಗಾಯಕರ ತಂಡಗಳೂ ಆ ಮನೆಗೆ ಬಂದು ಹೋಗುತ್ತಿದ್ದವು. ಹೀಗೆ ಬ್ಲೂಸ್, ಹಳ್ಳಿಗಾಡಿನ ಹಾಡು, ದೇವರ ಹಾಡು ಎಲ್ಲವೂ ಬೇಲಿಯಿಲ್ಲದೆ ಕೂಸಿನ ಕಿವಿಗೆ ಬಿದ್ದವು. ಮುಂದೆ ಯಾವ ಬಗೆಯ ಹಾಡನ್ನು ಕೊಟ್ಟರೂ ತನ್ನದಾಗಿಸಿಕೊಳ್ಳುವ ಆಕೆಯ ಶಕ್ತಿಗೆ ಈ ನಡುಮನೆಯೇ ಮೊದಲ ಪಾಠಶಾಲೆ ಎಂದರೆ ತಪ್ಪಾಗದು.

ಮೊದಲ ತಟ್ಟೆ: 1962

ಡೆಟ್ರಾಯಿಟ್‌ನಲ್ಲಿ ಜಾನಿ ಮೇ ಮ್ಯಾಥ್ಯೂಸ್ ಎಂಬ ಗಟ್ಟಿಗಿತ್ತಿ ಇದ್ದರು. ಸ್ವಂತ ರೆಕಾರ್ಡ್ ಕಂಪನಿ ನಡೆಸಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ ಆಕೆಯೂ ಒಬ್ಬರು. 1962ರಲ್ಲಿ ಹದಿನಾರರ ಹುಡುಗಿಯಿಂದ ‘ಮೈ ಮ್ಯಾನ್, ಹೀಸ್ ಎ ಲವಿನ್ ಮ್ಯಾನ್’ ಎಂಬ ಹಾಡನ್ನು ಆಕೆ ಮುದ್ರಿಸಿದರು. ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿ ಆ ಹಾಡನ್ನು ಕೊಂಡು ದೇಶಕ್ಕೆಲ್ಲ ಹಂಚಿತು. ‘ರಿದಮ್ ಅಂಡ್ ಬ್ಲೂಸ್’ ಪಟ್ಟಿಯಲ್ಲಿ ಅದು 7ನೆಯ ಸ್ಥಾನಕ್ಕೇರಿತು. ಶಾಲೆಗೆ ಹೋಗುವ ವಯಸ್ಸಿನ ಹುಡುಗಿ ಬೆನ್ ಇ. ಕಿಂಗ್, ಕ್ಲೈಡ್ ಮೆಕ್‌ಫ್ಯಾಟರ್ ಅವರಂಥ ಹೆಸರಾಂತರ ಜೊತೆ ಊರೂರು ತಿರುಗಿ ವೇದಿಕೆ ಏರಿದಳು. ಆ ಪ್ರವಾಸದಲ್ಲಿ ಓಟಿಸ್ ರೆಡ್ಡಿಂಗ್ ಎಂಬ ಹೊಸಬನೂ ಇದ್ದ.

ಇಲ್ಲಿ ಸ್ವಲ್ಪ ನಿಂತು ‘ಪಟ್ಟಿ’ಯ ವಿಷಯ ತಿಳಿಯಬೇಕು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ ವಾರವಾರ ಜನಪ್ರಿಯ ಹಾಡುಗಳ ಪಟ್ಟಿ ಪ್ರಕಟಿಸುತ್ತಿತ್ತು. ಕಪ್ಪು ಜನರ ಸಂಗೀತಕ್ಕೆ ಬೇರೆಯೇ ಪಟ್ಟಿ. ಅದಕ್ಕೆ ‘ಜನಾಂಗದ ರೆಕಾರ್ಡುಗಳು’ ಎಂಬರ್ಥದ ಹೆಸರಿತ್ತು. 1949ರಲ್ಲಿ ಅದನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಲಾಯಿತು. ಹೊಸ ಹೆಸರು ಸೂಚಿಸಿದವರು ಆ ಪತ್ರಿಕೆಯ ವರದಿಗಾರ ಜೆರಿ ವೆಕ್ಸ್ಲರ್. ಮುಂದೆ ಅವರೇ ಅಟ್ಲಾಂಟಿಕ್ ಕಂಪನಿಯ ಪಾಲುದಾರರಾದರು. ಹೆಸರು ಬದಲಾಯಿತು, ಗೋಡೆ ಉಳಿಯಿತು. ಬೆಟ್ಟಿಯ ಹಾಡು ಒಂದು ಪಟ್ಟಿಯಲ್ಲಿ 7ನೆಯದು; ದೇಶದ ಸಾಮಾನ್ಯ ‘ಪಾಪ್’ ಪಟ್ಟಿಯಲ್ಲಿ ಮೊದಲ ನೂರರ ಹೊಸಿಲಾಚೆಗೇ ನಿಂತಿತು. ಒಂದೇ ಹಾಡು, ಒಂದೇ ದೇಶ, ಎರಡು ಅಳತೆಗೋಲು. ಅಂಕಿ ಅಂಶಗಳನ್ನು ಓದುವಾಗ ಅಳೆದವರಾರು, ಯಾವ ಕೋಲಿನಿಂದ ಅಳೆದರು ಎಂದು ಕೇಳಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ಸಿಂಗಲ್ ‘ಯು ವಿಲ್ ನೆವರ್ ಚೇಂಜ್’ ಮೊದಲಿನದರಂತೆ ಓಡಲಿಲ್ಲ. ಹದಿಹರೆಯದ ಆತುರ, ತನ್ನನ್ನು ಬಿಟ್ಟುಬಿಡಿ ಎಂದು ತಾನೇ ಅಟ್ಲಾಂಟಿಕ್‌ನವರನ್ನು ಕೇಳಿಕೊಂಡೆನೆಂದು ಬೆಟ್ಟಿ ಮುಂದೆ ಹೇಳಿಕೊಂಡಿದ್ದಾರೆ. ಆ ವಯಸ್ಸಿನಲ್ಲಿ ಅದು ಚಿಕ್ಕ ನಿರ್ಧಾರವಾಗಿ ಕಂಡಿರಬೇಕು. ಅದರ ಬೆಲೆ ತಿಳಿಯಲು ವರ್ಷಗಳು ಹಿಡಿದವು.

ಎರಡನೆಯ ತಟ್ಟೆ: 1965

ಈಗ ನ್ಯೂಯಾರ್ಕಿನ ಕ್ಯಾಲ ಎಂಬ ಸಣ್ಣ ಕಂಪನಿಯ ಚೀಟಿ ನೋಡಿ. ಹಾಡು ‘ಲೆಟ್ ಮಿ ಡೌನ್ ಈಸಿ’. ಬಿಟ್ಟುಹೋಗುವುದಾದರೆ ಹೋಗು, ಆದರೆ ಮೆಲ್ಲನೆ ಬಿಡು ಎಂದು ಬೇಡುವ ಹೆಣ್ಣಿನ ಮಾತು ಅದು. ಬರೆದವರು ಗಾಯಕಿ ಡೀ ಡೀ ಫೋರ್ಡ್. ವಾದ್ಯ ಸಂಯೋಜನೆ ಡೇಲ್ ವಾರನ್ ಅವರದು. ಹಾಡಿನ ನಡಿಗೆ ವಿಚಿತ್ರವಾದದ್ದು: ಟ್ಯಾಂಗೋ ನೃತ್ಯವನ್ನು ನೆನಪಿಸುವ ತಡೆದು ತಡೆದು ಬರುವ ಲಯ, ಅದರ ಮೇಲೆ ಬೆರಳಿನಿಂದ ಮೀಟಿದ ಪಿಟೀಲಿನ ತಂತಿಗಳು. ಇಂಥ ಹದವಾದ ವಾದ್ಯಗಳ ನಡುವೆ ಬೆಟ್ಟಿಯ ದನಿ ಒರಟಾಗಿ, ಬಿರುಕು ಬಿಟ್ಟಂತೆ ಬರುತ್ತದೆ. ಹಾಡಿದವಳಿಗೆ ಆಗ 19 ವರ್ಷವೆಂದರೆ ನಂಬುವುದು ಕಷ್ಟ.

ಸೊಗಸಾದ ದನಿಗೂ ನಿಜವಾದ ದನಿಗೂ ಇರುವ ಅಂತರವನ್ನು ಈ ಮೂರು ನಿಮಿಷದಲ್ಲಿ ನೀವು ಕೇಳಬಹುದು. ಬೇಡಿಕೆ ಮೊದಮೊದಲು ತಗ್ಗಿದ ದನಿಯಲ್ಲಿರುತ್ತದೆ. ಕೊನೆಗೆ ಹತೋಟಿ ತಪ್ಪಿದಂತೆ ಏರುತ್ತದೆ. ತಪ್ಪಿದಂತೆ ಎಂದೆ, ತಪ್ಪಿಲ್ಲ. ಎಲ್ಲಿ ಉಸಿರು ಕಟ್ಟಬೇಕು, ಎಲ್ಲಿ ಪದವನ್ನು ಮುರಿಯಬೇಕು ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಅದೇ ವರ್ಷ ‘ಶಿಂಡಿಗ್’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ಆಕೆ ಅದನ್ನು ಹಾಡಿದರು. ಪಟ್ಟಿಯಲ್ಲಿ ಹಾಡು 20ನೆಯ ಸ್ಥಾನದವರೆಗೆ ಹೋಯಿತು. ಪಾಪ್ ಪಟ್ಟಿಯ ನೂರರೊಳಗೆ ಮತ್ತೆ ಜಾಗ ಸಿಗಲಿಲ್ಲ. ಇಂದು ಸೋಲ್ ಸಂಗೀತ ಬಲ್ಲವರು ಆ ದಶಕದ ಶ್ರೇಷ್ಠ ಹಾಡುಗಳಲ್ಲಿ ಇದನ್ನೂ ಎಣಿಸುತ್ತಾರೆ.

ಮೂರನೆಯ ತಟ್ಟೆ: 1969

ಮುಂದಿನ ವರ್ಷಗಳಲ್ಲಿ ಚೀಟಿಗಳು ಒಂದಾದಮೇಲೊಂದು ಬದಲಾಗುತ್ತವೆ. ಬಿಗ್ ವೀಲ್, ಕ್ಯಾರೆನ್, ಆಮೇಲೆ ಸಿಲ್ವರ್ ಫಾಕ್ಸ್. ಕ್ಯಾರೆನ್ ಕಂಪನಿಗೆ 1968ರಲ್ಲಿ ಹಾಡಿದ ಒಂದು ಹಾಡನ್ನು ಕೇಳಿ ಮೆಚ್ಚಿದವರು ಗಾಯಕ ಕೆನಿ ರೋಜರ್ಸ್. ಅದೇ ಹಾಡನ್ನು ತಮ್ಮ ತಂಡದೊಡನೆ ಹಾಡಿ ಹೆಸರಾದವರು ಅವರು. ಅವರ ಅಣ್ಣ ಲೀಲನ್ ರೋಜರ್ಸ್ ಆಗ ಸಿಲ್ವರ್ ಫಾಕ್ಸ್ ನಡೆಸುತ್ತಿದ್ದರು. ಹೀಗೆ ಬೆಟ್ಟಿ ಮೆಂಫಿಸ್ ನಗರಕ್ಕೆ ಹೋಗಿ, ‘ಡಿಕ್ಸಿ ಫ್ಲೈಯರ್ಸ್’ ಎಂಬ ವಾದ್ಯಗಾರರ ತಂಡದೊಂದಿಗೆ ‘ಹಿ ಮೇಡ್ ಎ ವುಮನ್ ಔಟ್ ಆಫ್ ಮಿ’ ಹಾಡಿದರು.

ದಕ್ಷಿಣದ ಹಳ್ಳಿಯ ಕಥೆ ಹೇಳುವ ಈ ಹಾಡಿನಲ್ಲಿ ತಂತಿವಾದ್ಯಗಳ ಸಿಂಗಾರವಿಲ್ಲ; ಗಿಟಾರು, ಡೋಲು, ದನಿ. ಪಟ್ಟಿಯಲ್ಲಿ ಅದು 25ರವರೆಗೆ ಏರಿತು. ಇನ್ನೂ ಏರಬಹುದಿತ್ತು, ಆದರೆ ಸಾಹಿತ್ಯ ಕೇಳುಗರಿಗೆ ತೀರ ದಿಟ್ಟವಾಯಿತೆಂದು ಕೆಲವು ರೇಡಿಯೋ ನಿಲ್ದಾಣಗಳು ಹಾಡನ್ನು ಹಾಕಲು ಹಿಂಜರಿದವು. ರೇಡಿಯೋ ಬಾಗಿಲು ಮುಚ್ಚಿದರೆ ಸಿಂಗಲ್‌ಗೆ ಬೇರೆ ದಾರಿಯಿಲ್ಲ. ಮುಂದಿನ ‘ಡು ಯುವರ್ ಡ್ಯೂಟಿ’ 38ರಲ್ಲಿ ನಿಂತಿತು.

ನಾಲ್ಕನೆಯ ತಟ್ಟೆ, ಬಾರದ ಆಲ್ಬಂ: 1972

ಕೊನೆಗೆ ಬಾಗಿಲು ತೆರೆಯಿತು. 1972ರಲ್ಲಿ ಅಟ್ಲಾಂಟಿಕ್‌ನದೇ ಶಾಖೆಯಾದ ಆಟ್ಕೊ ಕಂಪನಿ ಬೆಟ್ಟಿಯನ್ನು ಕರೆಯಿತು. ಹತ್ತು ವರ್ಷದ ಹಿಂದೆ ಬಿಟ್ಟ ಮನೆಗೇ ಮರಳಿದಂತೆ. ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಹೆಸರಾಂತ ಸ್ಟುಡಿಯೋದಲ್ಲಿ, ಬ್ರ್ಯಾಡ್ ಶಪೀರೊ ಅವರ ನಿರ್ಮಾಣದಲ್ಲಿ, ಪೂರ್ಣ ಆಲ್ಬಮ್ಮಿನ ಮುದ್ರಣ ಮುಗಿಯಿತು. ಹೆಸರು ‘ಚೈಲ್ಡ್ ಆಫ್ ದ ಸೆವೆಂಟೀಸ್’. ಮುನ್ನುಡಿಯಂತೆ ನೀಲ್ ಯಂಗ್ ಅವರ ‘ಹಾರ್ಟ್ ಆಫ್ ಗೋಲ್ಡ್’ ಹಾಡಿನ ಸಿಂಗಲ್ ಬಂತು. 1973ರಲ್ಲಿ ‘ಯುವರ್ ಟರ್ನ್ ಟು ಕ್ರೈ’ ಬಂತು. ಎರಡೂ ಹೆಚ್ಚು ಮಾರಾಟವಾಗಲಿಲ್ಲ. ಕಂಪನಿ ಆಲ್ಬಮ್ಮನ್ನು ಕೈಬಿಟ್ಟಿತು. ಹಾಡಿ ಮುಗಿಸಿದ ಹಾಡುಗಳು ಕಪಾಟು ಸೇರಿದವು.

ಸುದ್ದಿ ಕೇಳಿದ ಬೆಟ್ಟಿ ಊಟದ ಮೇಜಿನ ಕೆಳಗೆ ನುಸುಳಿ ಕೆಲವು ದಿನ ಹೊರಗೇ ಬರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಗ ವಯಸ್ಸು ಇನ್ನೂ 30 ದಾಟಿರಲಿಲ್ಲ.

ಚೀಟಿಗಳು ಹೇಳುವುದೇನು?

ಈಗ ಈ ತಟ್ಟೆಗಳನ್ನು ಸಾಲಾಗಿ ಜೋಡಿಸಿ ನೋಡಿ. 1962ರಿಂದ 1973ರವರೆಗೆ 11 ವರ್ಷ. ಚೀಟಿಯ ಮೇಲಿನ ಕಂಪನಿಗಳು ಅಟ್ಲಾಂಟಿಕ್, ಲುಪೈನ್, ಕ್ಯಾಲ, ಬಿಗ್ ವೀಲ್, ಕ್ಯಾರೆನ್, ಸಿಲ್ವರ್ ಫಾಕ್ಸ್, ಆಟ್ಕೊ. ಕಡಿಮೆಯೆಂದರೂ ಏಳು. ಹಾಡು ಮುದ್ರಿಸಿದ ಊರುಗಳೂ ಬೇರೆ ಬೇರೆ. ನಮ್ಮ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲಿದೆ.

ಕಂಪನಿಯೊಂದರಲ್ಲಿ ಒಬ್ಬ ಗಾಯಕಿಯ ಹತ್ತಾರು ಹಾಡುಗಳಿದ್ದರೆ ಅವನ್ನು ಸೇರಿಸಿ ಆಲ್ಬಂ ಮಾಡಬಹುದು. ಒಂದು ಗೆದ್ದಾಗ ಹಳೆಯದನ್ನೂ ಮಾರಬಹುದು. ಗಾಯಕಿಯ ಹೆಸರು ಬೆಳೆಸುವುದರಲ್ಲಿ ಕಂಪನಿಗೂ ಲಾಭ. ಏಳು ಕಡೆ ಎರಡು ನಾಲ್ಕು ಹಾಡುಗಳಂತೆ ಹರಡಿಹೋದರೆ ಅವನ್ನು ಒಟ್ಟುಮಾಡುವ ಗರಜು ಯಾರಿಗೂ ಇರುವುದಿಲ್ಲ. ಜೊತೆಗೆ ಸಣ್ಣ ಕಂಪನಿಗಳಿಗೆ ದೇಶವ್ಯಾಪಿ ಹಂಚಿಕೆಯ ಬಲ ಕಡಿಮೆ. ಮೇಲಾಗಿ 1960ರ ದಶಕದ ಕೊನೆಗೆ ಮಾರುಕಟ್ಟೆ ಸಿಂಗಲ್‌ನಿಂದ ಆಲ್ಬಮ್ಮಿನ ಕಡೆಗೆ ಹೊರಳಿತು. ಸಿಂಗಲ್‌ಗಳಲ್ಲಷ್ಟೇ ಬದುಕಿದ್ದ ಗಾಯಕಿ ಹೊಸ ಲೆಕ್ಕದಲ್ಲಿ ಕಾಣಿಸಲೇ ಇಲ್ಲ.

ಹೋಲಿಕೆಗೆ ಅದೇ ಡೆಟ್ರಾಯಿಟ್‌ನಲ್ಲಿ ಬೆಳೆದ ಅರೀಥಾ ಫ್ರಾಂಕ್ಲಿನ್ ಅವರನ್ನು ನೋಡಿ. ಕೊಲಂಬಿಯಾ ಕಂಪನಿಯಲ್ಲಿ ಅವರು 1960ರಿಂದ ಆರು ವರ್ಷ ಹಾಡಿದಾಗ ಬಂದ ಯಶಸ್ಸು ಸಾಧಾರಣವಾದದ್ದು. ಆದರೂ ಒಂದೇ ಮನೆಯಲ್ಲಿ ಆಲ್ಬಂ ಮೇಲೆ ಆಲ್ಬಂ ಬಂದವು. 1967ರಲ್ಲಿ ಅಟ್ಲಾಂಟಿಕ್‌ಗೆ ಬಂದಾಗ ಜೆರಿ ವೆಕ್ಸ್ಲರ್ ಅವರನ್ನು ಮಸಲ್ ಶೋಲ್ಸ್‌ಗೆ ಕರೆದೊಯ್ದರು. ಉಳಿದದ್ದು ಜಗತ್ತಿಗೇ ಗೊತ್ತು. ಅರೀಥಾ ಅವರ ಪ್ರತಿಭೆ ಅಸಾಮಾನ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರತಿಭೆಗೆ ಕಾಯುವ ಮನೆಯೊಂದಿತ್ತು ಎಂಬುದನ್ನೂ ಮರೆಯಬಾರದು. ಬೆಟ್ಟಿ ಅಟ್ಲಾಂಟಿಕ್ ಬಿಟ್ಟದ್ದು ಅರೀಥಾ ಅಲ್ಲಿಗೆ ಬರುವ ಮೂರು ನಾಲ್ಕು ವರ್ಷ ಮೊದಲು.

ಇನ್ನೊಂದು ಸಂಗತಿ. ಬೆಟ್ಟಿಯ ಊರಿನಲ್ಲೇ 1959ರಲ್ಲಿ ಬೆರಿ ಗಾರ್ಡಿ ಹುಟ್ಟುಹಾಕಿದ ಕಂಪನಿ ಮೋಟೌನ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು. ಆದರೆ ಬೆಟ್ಟಿಯ ತಟ್ಟೆಯ ಮೇಲೆ ಮೋಟೌನ್ ಹೆಸರು ಬಂದದ್ದು 1982ರಲ್ಲಿ, ‘ಟೆಲ್ ಮಿ ಎ ಲೈ’ ಆಲ್ಬಮ್ಮಿನೊಂದಿಗೆ. ಆ ಹೊತ್ತಿಗೆ ಮೋಟೌನ್ ಊರು ಬಿಟ್ಟು ಲಾಸ್ ಏಂಜಲಿಸ್ ಸೇರಿ ಹತ್ತು ವರ್ಷವಾಗಿತ್ತು. ಆಲ್ಬಂ ಮುದ್ರಣವಾದದ್ದು ನ್ಯಾಶ್‌ವಿಲ್‌ನಲ್ಲಿ. ಮೊದಲ ತಟ್ಟೆಯ 20 ವರ್ಷಗಳ ನಂತರ ಬಂದ ಮೊದಲ ಆಲ್ಬಂ ಇದೇ.

ನಡುವಿನ ಕಾಲದಲ್ಲಿ ಆಕೆ ಸುಮ್ಮನೆ ಕುಳಿತಿರಲಿಲ್ಲ. ‘ಬಬ್ಲಿಂಗ್ ಬ್ರೌನ್ ಶುಗರ್’ ಎಂಬ ಸಂಗೀತ ನಾಟಕದಲ್ಲಿ ಹಾಡಿ ನಟಿಸಿದರು. ಡೆಟ್ರಾಯಿಟ್‌ನ ಸಣ್ಣಪುಟ್ಟ ಸಭಾಂಗಣಗಳಲ್ಲಿ ರಾತ್ರಿ ರಾತ್ರಿ ಹಾಡಿದರು. ಕೇಳುವವರು ನೂರಿರಲಿ, ಹತ್ತಿರಲಿ, ಕಸುಬು ಬಿಡಲಿಲ್ಲ.

ಕಪಾಟು ತೆರೆದಾಗ

1990ರ ದಶಕದ ಕೊನೆಯಲ್ಲಿ ಕಥೆ ತಿರುಗಿತು. ತಿರುಗಿಸಿದವರು ಕಂಪನಿಯವರಲ್ಲ, ಫ್ರಾನ್ಸ್ ದೇಶದ ಒಬ್ಬ ತಟ್ಟೆ ಸಂಗ್ರಾಹಕ, ಜಿಲ್ ಪೆತಾರ್. ಬೆಟ್ಟಿಯ ಹಳೆಯ ಸಿಂಗಲ್‌ಗಳನ್ನು ಮೆಚ್ಚಿದ್ದ ಅವರು 1972ರ ಆಲ್ಬಮ್ಮಿನ ಮೂಲ ಟೇಪುಗಳನ್ನು ಹುಡುಕಿ ಹೊರಟರು. ಅವು ಹಿಂದೆ ನಡೆದ ಬೆಂಕಿ ಅನಾಹುತದಲ್ಲಿ ಸುಟ್ಟುಹೋಗಿವೆ ಎಂದೇ ಎಲ್ಲರ ನಂಬಿಕೆ. ಆದರೆ ಟೇಪುಗಳು ಉಳಿದಿದ್ದವು. ಪೆತಾರ್ ಹಕ್ಕು ಪಡೆದು 2000ದಲ್ಲಿ ‘ಸುವೆನಿಯರ್ಸ್’ ಎಂಬ ಹೆಸರಿನಲ್ಲಿ ಅವನ್ನು ಪ್ರಕಟಿಸಿದರು. ಹಾಡಿದ 28 ವರ್ಷಗಳ ಮೇಲೆ ಹಾಡು ಕೇಳುಗರನ್ನು ಮುಟ್ಟಿತು.

ಅಲ್ಲಿಂದ ಹೊಸ ಆಲ್ಬಮ್ಮುಗಳಿಗೆ ದಾರಿಯಾಯಿತು. 2007ರ ‘ದ ಸೀನ್ ಆಫ್ ದ ಕ್ರೈಮ್’ ಆಲ್ಬಮ್ಮಿಗಾಗಿ ಬೆಟ್ಟಿ ಮತ್ತೆ ಮಸಲ್ ಶೋಲ್ಸ್‌ಗೆ ಹೋದರು. ಜೊತೆಗೆ ನುಡಿಸಿದ ಯುವಕರ ತಂಡದ ನಾಯಕರಲ್ಲಿ ಒಬ್ಬರು ಪ್ಯಾಟರ್ಸನ್ ಹುಡ್. ಅವರ ತಂದೆ ಡೇವಿಡ್ ಹುಡ್ 1972ರಲ್ಲಿ ಅದೇ ಊರಿನಲ್ಲಿ ಬೆಟ್ಟಿಗೆ ಬಾಸ್ ಗಿಟಾರ್ ನುಡಿಸಿದ್ದವರು. ಈ ಬಾರಿಯೂ ನುಡಿಸಲು ಬಂದರು. 2009ರ ಜನವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅವರ ಪದಗ್ರಹಣಕ್ಕೆ ಮುನ್ನ ಲಿಂಕನ್ ಸ್ಮಾರಕದ ಮುಂದೆ ನಡೆದ ಸಮಾರಂಭದಲ್ಲಿ, ಸ್ಯಾಮ್ ಕುಕ್ ಬರೆದ ‘ಎ ಚೇಂಜ್ ಈಸ್ ಗೋನಾ ಕಮ್’ ಗೀತೆಯನ್ನು ಜಾನ್ ಬಾನ್ ಜೋವಿ ಅವರೊಡನೆ ಹಾಡಿದ್ದು ಇದೇ ಬೆಟ್ಟಿ. ಆಗ ಆಕೆಗೆ 63ನೆಯ ವಯಸ್ಸು ತುಂಬಲು ಕೆಲವೇ ದಿನ ಬಾಕಿ ಇತ್ತು.

ಮಿತ್ರರೇ, ತಡವಾಗಿಯಾದರೂ ಗೆದ್ದರಲ್ಲ ಎಂದು ಸಮಾಧಾನಪಟ್ಟುಕೊಂಡು ಏಳುವುದು ಸುಲಭ. ಆದರೆ ಒಂದು ಮಾತು ಯೋಚಿಸಿ. ಆ ಟೇಪುಗಳು ನಿಜವಾಗಿಯೂ ಸುಟ್ಟಿದ್ದರೆ? ಆ ಸಂಗ್ರಾಹಕ ಹುಡುಕದೇ ಇದ್ದಿದ್ದರೆ? ಹಾಡಿದ ದನಿ ಅಷ್ಟೇ ಚೆನ್ನಾಗಿರುತ್ತಿತ್ತು. ನಮಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಯಾರ ಹೆಸರು ಉಳಿದಿಲ್ಲವೋ ಅವರಲ್ಲಿ ಉಳಿಯುವಂಥದು ಏನೂ ಇರಲಿಲ್ಲ ಎಂದು ತೀರ್ಮಾನಿಸುವುದು ಇತಿಹಾಸದ ವಿದ್ಯಾರ್ಥಿ ಮಾಡಬಾರದ ತಪ್ಪು. ಉಳಿಸುವ ಕೈ ಇತ್ತೇ ಎಂದು ಮೊದಲು ಕೇಳಬೇಕು.

ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲೋ ನೆರೆಯವರಲ್ಲೋ ಹಳೆಯ ಹಾಡಿನ ತಟ್ಟೆ ಇದ್ದರೆ ಕೇಳಿ ತೆಗೆಸಿ. ಧೂಳು ಒರೆಸಿ ಚೀಟಿ ಓದಿ. ಹಾಡಿದವರಾರು, ಬರೆದವರಾರು, ಯಾವ ಕಂಪನಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಚೀಟಿಯಲ್ಲಿ ಯಾರ ಹೆಸರು ಇಲ್ಲವೆಂಬುದನ್ನೂ ಗಮನಿಸಿ, ಬಲ್ಲ ಹಿರಿಯರನ್ನು ಕೇಳಿ ಆ ಹೆಸರುಗಳನ್ನು ಪಕ್ಕದಲ್ಲೇ ಸೇರಿಸಿ. ಅವರು ಇರುವಾಗಲೇ ಕೇಳಿ.